ಸ್ಟಾಪ್ ಕೇಳಿದ್ದು ಸಾಕು, ಲೆಕ್ಕ ಕೇಳಿ: ನಮ್ಮ ಎಂಪಿಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದಿಂದ ಡೆಲ್ಲಿಗೆ ಹೋಗಿರೋ 28 ಜನ ಲೋಕಸಭಾ ಸದಸ್ಯರಿಗೆ, 12 ಜನ ರಾಜ್ಯಸಭಾ ಸದಸ್ಯರಿಗೆ,

ನಮಸ್ಕಾರ. ಯಾವ ಪಕ್ಷ ಅಂತ ನೋಡ್ದೆ ಎಲ್ರಿಗೂ ಸೇರಿಸಿ ಒಂದೇ ಪತ್ರ ಬರೀತಿದ್ದೀನಿ, ಯಾಕಂದ್ರೆ ರೈಲ್ವೆಗೆ, ರಸ್ತೆಗೆ ಹೋಗೋ ದುಡ್ಡಿನ ಲೆಕ್ಕನ ಪಾರ್ಲಿಮೆಂಟಲ್ಲಿ ಕೇಳೋ ವಿಷಯದಲ್ಲಿ ನಿಮ್ ನಿಮ್ಮಲ್ಲಿ ಪಕ್ಷಭೇದ ಅನ್ನೋದೇನೂ ನಂಗೆ ಕಾಣಿಸ್ಲಿಲ್ಲ.

ಮೊದ್ಲು ನಮ್ಮೂರಿನ ಕತೆ ಹೇಳ್ಬಿಡ್ತೀನಿ. ನಮ್ಮೂರಿಂದ ಮೇನ್ ರೋಡಿಗೆ ಬರೋ ದಾರೀಲಿ ಒಂದು ರೈಲ್ವೆ ಗೇಟ್ ಇತ್ತು. ಗೇಟ್ ಹಾಕಿದ್ರೆ ಹತ್ತು ಹದಿನೈದು ನಿಮಿಷ ಕಾಯೋದು, ಬೈಕಿನೋರು ತಲೆ ಬಗ್ಗಿಸ್ಕೊಂಡು ತೂರೋದು, ಗೇಟ್‌ಮನ್ ಬೈಯೋದು, ಇದು ದಿನಾ ಇದ್ದಿದ್ದೇ. ಆಮೇಲೆ ಸೇಫ್ಟಿ ಅಂತ ಗೇಟ್ ತೆಗ್ದು ಅಂಡರ್‌ಪಾಸ್ ಮಾಡಿದ್ರು. ಖುಷಿ ಪಟ್ವಿ. ಮೊದಲ ಮಳೆ ಬಂತು ನೋಡಿ, ಆವತ್ತಿಂದ ಆ ಅಂಡರ್‌ಪಾಸ್ ನಮ್ಮೂರ ಎರಡನೇ ಕೆರೆ. ಸ್ಕೂಲ್ ಮಕ್ಕಳು ಶೂ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ದಾಟ್ತಾವೆ, ಹಾಲಿನ ಕ್ಯಾನ್ ತಗೊಂಡು ಹೋಗೋನು ಟಿವಿಎಸ್ಸು ಆಫ್ ಮಾಡಿ ತಳ್ತಾನೆ, ನೀರು ಜಾಸ್ತಿ ಇದ್ರೆ ಯಾರಾದ್ರೂ ಪುಣ್ಯಾತ್ಮ ಟ್ರಾಕ್ಟರ್ ತಂದು ಟ್ರೈಲರಲ್ಲಿ ಜನ ತುಂಬ್ಕೊಂಡು ಆ ಕಡೆ ಬಿಡ್ತಾನೆ. ಗೋಡೆ ಮೇಲೆ ಒಂದೊಂದು ಮಳೆಗಾಲಕ್ಕೆ ಒಂದೊಂದು ಕೆಸರಿನ ಗೆರೆ ಇದೆ, ಎತ್ತರ ಬೇರೆ ಬೇರೆ. ನೀರೆತ್ತೋಕೆ ಅಂತ ಒಂದು ಪಂಪ್ ಇಟ್ಟಿದ್ರು, ಒಂದು ಸೀಸನ್ ಓಡ್ತು. ಈಗ ಆ ಪಂಪಿನ ಶೆಡ್ಡಿಗೆ ಬೀಗ, ಅದರ ಪಕ್ಕ ನಾಯಿ ಮರಿ ಹಾಕಿದೆ.

ಇದನ್ನ ಯಾರಿಗೆ ಹೇಳೋದು ಅಂತ ಹುಡುಕ್ತಾ ಹುಡುಕ್ತಾ ನಾನು ಪಾರ್ಲಿಮೆಂಟಿನ ಪ್ರಶ್ನೋತ್ತರ ಓದೋ ಚಟಕ್ಕೆ ಬಿದ್ದೆ. ಲೆವೆಲ್ ಕ್ರಾಸಿಂಗ್ ಬಗ್ಗೆ ಬೇಕಾದಷ್ಟು ಪ್ರಶ್ನೆ ಇದಾವೆ. ಬ್ರಾಡ್‌ಗೇಜಲ್ಲಿ ಗೇಟ್‌ಮನ್ ಇಲ್ಲದ ಕ್ರಾಸಿಂಗ್ ಎಲ್ಲಾನೂ ಜನವರಿ 2019ರ ಹೊತ್ತಿಗೆ ತೆಗೆದಾಯ್ತು ಅಂತ ಉತ್ತರ ಇದೆ, ಅದು ನಿಜವಾಗ್ಲೂ ದೊಡ್ಡ ಕೆಲ್ಸ, ಎಷ್ಟೋ ಜೀವ ಉಳ್ದಿದೆ, ಅದನ್ನ ಇಲ್ಲ ಅನ್ನಲ್ಲ. ಗೇಟ್‌ಮನ್ ಇರೋ ಗೇಟುಗಳಲ್ಲಿ ಈ ವರ್ಷ ಎಷ್ಟು ತೆಗೆದ್ವಿ, ಎಷ್ಟು ಸೇತುವೆ ಕಟ್ಟಿದ್ವಿ ಅಂತ್ಲೂ ಟೇಬಲ್ ಹಾಕಿರ್ತಾರೆ. ಆ ಟೇಬಲ್‌ನಲ್ಲಿ ನಮ್ಮೂರಿಂದೂ ಒಂದು ಅಂಕಿ ಸೇರ್ಕೊಂಡಿದೆ, ಸಕ್ಸಸ್ ಅಂತ. ತೆಗೆದ ಗೇಟು ಲೆಕ್ಕಕ್ಕೆ ಬಂತು, ನಿಂತ ನೀರು ಲೆಕ್ಕಕ್ಕೆ ಬರ್ಲಿಲ್ಲ. ಉತ್ತರ ಕೊಟ್ಟ ಮಂತ್ರಿದಲ್ಲ ತಪ್ಪು ಸ್ವಾಮಿ, ಅಷ್ಟೇ ಕೇಳಿ ಬಿಟ್ಟೋರದ್ದು.

ನೀವು ಕೇಳೋದೇನು ಅಂತ ಸ್ವಲ್ಪ ನೀವೇ ನೋಡ್ಕೊಳ್ಳಿ. ಆ ಎಕ್ಸ್‌ಪ್ರೆಸ್ಸಿಗೆ ನಮ್ಮೂರಲ್ಲಿ ಸ್ಟಾಪ್ ಕೊಡಿ, ಈ ರೈಲಿಗೆ ಆ ಹೆಸರಿಡಿ, ವಂದೇ ಭಾರತ್ ನಮ್ಮ ಜಿಲ್ಲೆಗೂ ಬರ್ಲಿ. ಸ್ಟಾಪ್ ಸಿಕ್ತು ಅಂದ್ರೆ ಹಸಿರು ಬಾವುಟ, ಪೇಟ, ಫೋಟೋ. ಸ್ಟಾಪ್ ಬೇಡ ಅಂತ ನಾನು ಹೇಳ್ತಿಲ್ಲ, ಬೇಕು, ಜನರಿಗೆ ಬೇಕಾಗಿರೋದೇ ಅದು. ಆದ್ರೆ ಅದನ್ನ ಕೇಳೋಕೆ ಸ್ಟೇಷನ್ ಮಾಸ್ಟರಿಗೆ ಕೊಡೋ ಮನವಿ ಪತ್ರನೂ ಸಾಕು. 2025-26ರ ಬಜೆಟಲ್ಲಿ ರೈಲ್ವೆ ಬಂಡವಾಳ ವೆಚ್ಚ 2.65 ಲಕ್ಷ ಕೋಟಿ, ರಸ್ತೆ ಸಾರಿಗೆ ಇಲಾಖೆಗೆ 2.87 ಲಕ್ಷ ಕೋಟಿ. ಎರಡೂ ಸೇರಿದ್ರೆ ಐದೂವರೆ ಲಕ್ಷ ಕೋಟಿ. ಇದರ ಬಗ್ಗೆ ಮಂತ್ರಿಯನ್ನ ಎದ್ದು ನಿಲ್ಲಿಸಿ ಕೇಳೋ ಅಧಿಕಾರ ಇರೋದು ನಿಮಗೆ. ನಾವು ಆರ್‌ಟಿಐ ಹಾಕಿ, ಅಪೀಲು ಹಾಕಿ, ಆರು ತಿಂಗಳು ಅಲೆದ್ರೂ ಸಿಗದೇ ಇರೋ ಮಾಹಿತಿ ನಿಮಗೆ ಒಂದು ಚೀಟಿ ಕೊಟ್ರೆ ಸಿಗುತ್ತೆ.

ಕೇಳಿದ್ರೂ ಸಿಗೋ ಉತ್ತರ ಎಂಥದ್ದು ಅಂತ ಗೊತ್ತು ಬಿಡಿ. ನಾನು ಓದಿ ಓದಿ ಬಾಯಿಪಾಠ ಆಗಿದೆ. ಯಾವ ಲೈನ್ ಬಗ್ಗೆ ಕೇಳಿದ್ರೂ ಮೊದಲ ವಾಕ್ಯ, ರೈಲ್ವೆ ಯೋಜನೆಗಳನ್ನ ವಲಯವಾರು ಮಾಡ್ತೀವಿ, ರಾಜ್ಯವಾರು ಅಲ್ಲ. ಎರಡನೇದು, ಯೋಜನೆ ಮುಗಿಯೋದು ರಾಜ್ಯ ಸರ್ಕಾರ ಭೂಮಿ ಕೊಡೋದು, ಅರಣ್ಯ ಇಲಾಖೆ ಒಪ್ಪಿಗೆ, ಭೂಗುಣ, ಹವಾಮಾನ, ಕಾನೂನು ಸುವ್ಯವಸ್ಥೆ ಇತ್ಯಾದಿ ಇತ್ಯಾದಿ ಮೇಲೆ ನಿಂತಿದೆ. ಮೂರನೇದು, 2009ರಿಂದ 2014ರವರೆಗೆ ಕರ್ನಾಟಕಕ್ಕೆ ವರ್ಷಕ್ಕೆ ಸರಾಸರಿ 835 ಕೋಟಿ ಬರ್ತಿತ್ತು, 2025-26ರಲ್ಲಿ 7,564 ಕೋಟಿ, ಒಂಬತ್ತು ಪಟ್ಟು. ಮೊದಲ ವಾಕ್ಯದಲ್ಲಿ ರಾಜ್ಯವಾರು ಇಲ್ಲ ಅಂದೋರು ಮೂರನೇದ್ರಲ್ಲಿ ರಾಜ್ಯವಾರು ಲೆಕ್ಕ ಕೊಟ್ಟಿರ್ತಾರೆ, ಅದು ಬೇರೆ ಮಾತು. (ಎ) ಇಂದ (ಡಿ) ತನಕ ನಾಲ್ಕು ಪ್ರಶ್ನೆ ಕೇಳಿದ್ರೆ ನಾಲ್ಕಕ್ಕೂ ಸೇರಿಸಿ ಇದೇ ಒಂದು ಸಾರು ಬಡಿಸ್ತಾರೆ. ನೀವು ಕೇಳಿದ್ದು ಒಂದು ಲೈನ್ ಯಾಕೆ ಮುಗಿದಿಲ್ಲ ಅಂತ, ಉತ್ತರ ಬಂದಿದ್ದು ಒಂಬತ್ತು ಪಟ್ಟು ಅಂತ. ಒಂಬತ್ತು ಪಟ್ಟು ಅಂದ್ರೆ ತುಮಕೂರು–ದಾವಣಗೆರೆ ಲೈನಲ್ಲಿ ಯಾವಾಗ ರೈಲು ಓಡುತ್ತೆ? 2011-12ರಲ್ಲಿ ಮಂಜೂರಾದ ಲೈನ್ ಅದು, ಅವತ್ತು ಒಂದನೇ ಕ್ಲಾಸಲ್ಲಿದ್ದ ಮಗು ಈಗ ಕಾಲೇಜು ಮುಗಿಸೋ ವಯಸ್ಸಿಗೆ ಬಂದಿದೆ.

ತಡ ಆದ್ರೆ ಏನಾಗುತ್ತೆ ಅನ್ನೋದಕ್ಕೆ ಬೀದರ್–ಕಲಬುರಗಿ ಸಾಕು. 110 ಕಿಲೋಮೀಟರ್ ಲೈನು, ಸುಮಾರು 370 ಕೋಟಿ ಅಂತ ಶುರುವಾಗಿದ್ದು, 2017ರ ಅಕ್ಟೋಬರಲ್ಲಿ ಉದ್ಘಾಟನೆ ಆಗೋ ಹೊತ್ತಿಗೆ 1,542 ಕೋಟಿ. ಈ ಇಪ್ಪತ್ತು ವರ್ಷದಲ್ಲಿ ಎಲ್ಲಾ ಪಕ್ಷದ ಸರ್ಕಾರನೂ ಬಂದು ಹೋಗಿದೆ. ಉದ್ಘಾಟನೆ ಮಾಡೋವಾಗ ಪ್ರಧಾನಿಯವರೇ ಇಷ್ಟು ತಡ ಆಗಿದ್ದರ ಬಗ್ಗೆ ಮಾತಾಡಿದ್ರು. ಸರಿ, ಅದೇ ಪ್ರಧಾನಿಯವರು 2022ರ ಜೂನಲ್ಲಿ ಬೆಂಗಳೂರು ಸಬರ್ಬನ್ ರೈಲಿಗೆ ಅಡಿಗಲ್ಲು ಹಾಕಿ 40 ತಿಂಗಳಲ್ಲಿ ಮುಗಿಸ್ತೀವಿ ಅಂದ್ರು, 148 ಕಿಲೋಮೀಟರ್, 15,767 ಕೋಟಿ. 2025ರ ಅಕ್ಟೋಬರಿಗೆ ಮುಗೀತು. 40 ತಿಂಗಳು ಮುಗೀತು, ರೈಲಲ್ಲ. ಅದರಲ್ಲಿ ರಾಜ್ಯದ ಪಾಲೂ ಇದೆ, ತಪ್ಪಲ್ಲೂ ಇದೆ ಅನ್ಕೊಳ್ಳಿ, ಕೇಂದ್ರ ರಾಜ್ಯದ ಮೇಲೆ ಹಾಕುತ್ತೆ, ರಾಜ್ಯ ಕೇಂದ್ರದ ಮೇಲೆ ಹಾಕುತ್ತೆ, ಮಧ್ಯದಲ್ಲಿ ನಾವು ಸಿಲ್ಕ್ ಬೋರ್ಡಲ್ಲಿ ನಿಂತಿರ್ತೀವಿ.

ಈಗ ಬಜೆಟ್ ವಿಷಯಕ್ಕೆ ಬರ್ತೀನಿ. ರೈಲ್ವೆ ಲೆಕ್ಕನ ಬೇರೆ ಮಾಡಿದ್ದು 1924ರಲ್ಲಿ, ಆಕ್‌ವರ್ತ್ ಕಮಿಟಿ ಹೇಳ್ತು ಅಂತ. ಸ್ವಾತಂತ್ರ್ಯ ಬಂದ ಮೇಲೂ ಅದೇ ನಡೀತು. ನಂಗೆ ನೆನಪಿದೆ, ರೈಲ್ವೆ ಬಜೆಟ್ ದಿನ ಅಪ್ಪ ರೇಡಿಯೋ ಹಾಕ್ಕೊಂಡು ಕೂರೋರು, ಹೊಸ ರೈಲು ಯಾವ್ದು, ದರ ಏರ್ತಾ ಅಂತ. 2017ರಿಂದ ಅದು ಜನರಲ್ ಬಜೆಟ್ ಒಳಗೆ ಸೇರ್ಕೊಳ್ತು. ಪ್ರತ್ಯೇಕ ಬಜೆಟ್ ಅಂದ್ರೆ ಏನೋ ಸ್ವರ್ಗ ಇತ್ತು ಅಂತ ನಾನು ಹೇಳಲ್ಲ, ಮಂತ್ರಿ ಯಾವ ರಾಜ್ಯದೋರೋ ಆ ರಾಜ್ಯಕ್ಕೆ ರೈಲುಗಳ ಸುರಿಮಳೆ, ದುಡ್ಡಿಲ್ಲದ ಘೋಷಣೆ, ಎಲ್ಲಾ ಇತ್ತು. ಆದ್ರೆ ಅವತ್ತು ಇಡೀ ದೇಶ ರೈಲ್ವೆ ಬಗ್ಗೆ ಮಾತ್ರ ಮಾತಾಡ್ತಿತ್ತು. ಈಗ ಬಜೆಟ್ ಭಾಷಣದಲ್ಲಿ ರೈಲು ಅನ್ನೋ ಪದ ಹುಡುಕ್ಬೇಕು, ಯೋಜನೆವಾರು ದುಡ್ಡು ಪಿಂಕ್ ಬುಕ್ ಅನ್ನೋ ರೈಲ್ವೆ ಲೆಕ್ಕದ ಪುಸ್ತಕದಲ್ಲಿರುತ್ತೆ, ಅದನ್ನ ಹುಡುಕಿ ನೋಡೋರು ಪತ್ರಕರ್ತರು ಮತ್ತೆ ನನ್ನಂಥ ನಾಲ್ಕು ಜನ ಕೆಲ್ಸ ಇಲ್ದೋರು.

ಪಿಂಕ್ ಬುಕ್ ಒಂದ್ಸಲ ತೆಗ್ದು ನೋಡಿ, ಮಜಾ ಇರುತ್ತೆ. ಅಂಕಿಗಳೆಲ್ಲ ಸಾವಿರ ರೂಪಾಯಿ ಲೆಕ್ಕದಲ್ಲಿ. ಒಂದೊಂದು ಸಾಲಿನ ಕೊನೇಲಿ ಬರೀ 1 ಅಂತ ಇರುತ್ತೆ. ಅಂದ್ರೆ ಆ ರೈಲು ಮಾರ್ಗಕ್ಕೆ ಆ ವರ್ಷ ಸಾವಿರ ರೂಪಾಯಿ. ತಮಿಳುನಾಡಿನ ಕೆಲವು ಹೊಸ ಲೈನುಗಳಿಗೆ ಹಿಂಗೆ ಸಾವಿರ ರೂಪಾಯಿ ಇಟ್ಟಿದ್ದಾರೆ ಅಂತ ಅಲ್ಲಿನೋರು ಗಲಾಟೆ ಮಾಡಿದ್ರು. ಸಾವಿರ ರೂಪಾಯಿಗೆ ಸರ್ವೆ ಮಾಡೋನ ಕಾಫಿ ತಿಂಡಿ ಆಗಲ್ಲ. ಆದ್ರೆ ಯೋಜನೆ ಸತ್ತಿಲ್ಲ ಅಂತ ತೋರಿಸ್ಬೇಕಲ್ಲ, ಐಸಿಯುಲಿ ಇಟ್ಟಂಗೆ ಇಟ್ಟಿರ್ತಾರೆ. ಅಂಥ 1 ಕಂಡ್ರೆ ಅದನ್ನ ಓದಿ ಹೇಳೋದು ನಿಮ್ಮ ಕೆಲಸ, ನಮ್ದಲ್ಲ.

ಇನ್ನು ಸದನದಲ್ಲಿ ಆಗಿದ್ದು ನೋಡಿ. 2023ರ ಮಾರ್ಚ್ 23. ಒಂದು ಕಡೆ ಅದಾನಿ ವಿಷಯಕ್ಕೆ ಜೆಪಿಸಿ, ಅಂದ್ರೆ ಜಂಟಿ ಸಂಸದೀಯ ಸಮಿತಿ ತನಿಖೆ ಬೇಕು ಅಂತ ಗಲಾಟೆ, ಇನ್ನೊಂದು ಕಡೆ ರಾಹುಲ್ ಗಾಂಧಿ ಕ್ಷಮೆ ಕೇಳ್ಬೇಕು ಅಂತ ಗಲಾಟೆ, ಆ ಗಲಾಟೆ ಮಧ್ಯೆ ಸುಮಾರು 45 ಲಕ್ಷ ಕೋಟಿ ಬಜೆಟ್ಟು ಚರ್ಚೇನೇ ಇಲ್ದೆ ಕೆಲವೇ ನಿಮಿಷದಲ್ಲಿ ಪಾಸಾಯ್ತು. ಗಿಲೊಟಿನ್ ಅಂತಾರೆ ಅದಕ್ಕೆ, ಕತ್ತು ಕತ್ತರಿಸೋ ಯಂತ್ರದ ಹೆಸರೇ ಇಟ್ಟಿದ್ದಾರೆ. ಚರ್ಚೆಗೆ ಟೈಮ್ ಸಿಗದ ಎಲ್ಲಾ ಇಲಾಖೆಗಳ ದುಡ್ಡಿನ ಬೇಡಿಕೇನೂ ಒಂದೇ ಏಟಿಗೆ ವೋಟಿಗೆ ಹಾಕೋದು. ಆ ವರ್ಷದ ರೈಲ್ವೆ 2.40 ಲಕ್ಷ ಕೋಟಿ, ರಸ್ತೆ 2.70 ಲಕ್ಷ ಕೋಟಿ, ಎಲ್ಲಾ ಅದರಲ್ಲೇ ಹೋಯ್ತು. ಮೊದಲ ಸಲ ಅಲ್ಲ, 2018ರಲ್ಲೂ ಹಿಂಗೇ ಆಗಿತ್ತು, 2013ರಲ್ಲೂ. ನಮ್ಮೂರ ಹಾಲಿನ ಡೇರಿಯ ವಾರ್ಷಿಕ ಸಭೇಲಿ ಮೂರು ಸಾವಿರ ರೂಪಾಯಿ ಶಾಮಿಯಾನ ಬಿಲ್ಲಿಗೆ ಅರ್ಧ ಗಂಟೆ ಜಗಳ ಆಗುತ್ತೆ ಸ್ವಾಮಿ. ಸುಳ್ಳಲ್ಲ.

ನಿಮ್ಮಲ್ಲಿ ಲೋಕಸಭೆಯೋರ ಕೈಯಲ್ಲಿ ಕಟ್ ಮೋಷನ್ ಅಂತ ಒಂದಿದೆ. ಇಲಾಖೆಯ ನೀತಿನೇ ಒಪ್ಪಲ್ಲ ಅಂದ್ರೆ ಬೇಡಿಕೆಯನ್ನ 1 ರೂಪಾಯಿಗೆ ಇಳಿಸಿ ಅಂತ ಸೂಚನೆ ಕೊಡ್ಬಹುದು, ಒಂದು ನಿರ್ದಿಷ್ಟ ದೂರು ಇದ್ರೆ 100 ರೂಪಾಯಿ ಕಡಿಮೆ ಮಾಡಿ ಅಂತ ಕೊಡ್ಬಹುದು. ಲಕ್ಷಾಂತರ ಕೋಟಿಯಲ್ಲಿ 100 ರೂಪಾಯಿ ಅಂದ್ರೆ ನಗು ಬರುತ್ತೆ, ಆದ್ರೆ ಆ ನೂರು ರೂಪಾಯಿ ನೆಪದಲ್ಲಿ ನಮ್ಮ ಅಂಡರ್‌ಪಾಸ್ ಹೆಸರು ಲೋಕಸಭೆಯ ಕಡತಕ್ಕೆ ಹೋಗುತ್ತೆ. ಅದು ಪಾಸ್ ಆಗಲ್ಲ ಅಂತ ನಂಗೂ ಗೊತ್ತು. ಕಡತಕ್ಕೆ ಹೋದ್ರೆ ಸಾಕು.

ಇಲಾಖೆಗಳ ಕೆಲ್ಸ ನೋಡೋಕೆ ಎಂಪಿಗಳದ್ದೇ ಸ್ಟ್ಯಾಂಡಿಂಗ್ ಕಮಿಟಿ ಇದೆಯಲ್ಲ ಅಂತೀರಿ. ಇದೆ, 1993ರಿಂದ ಇದೆ, ರೈಲ್ವೆಗೆ ಒಂದು, ಸಾರಿಗೆ ಪ್ರವಾಸೋದ್ಯಮ ಸಂಸ್ಕೃತಿಗೆ ಇನ್ನೊಂದು, ಒಂದೊಂದರಲ್ಲಿ 31 ಜನ, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ನಿಜ ಹೇಳ್ಬೇಕಂದ್ರೆ ಪಾರ್ಲಿಮೆಂಟಲ್ಲಿ ಕೆಲ್ಸ ಅಂತ ನಡೆಯೋದು ಅಲ್ಲೇ, ಟಿವಿ ಇಲ್ಲ, ಕೂಗಾಟ ಇಲ್ಲ, ರೈಲ್ವೆ ಬೋರ್ಡ್ ಅಧಿಕಾರಿಗಳು ಎದುರಿಗೆ ಕೂತು ಉತ್ತರ ಕೊಡ್ಬೇಕು. ಬಜೆಟ್ ಅಧಿವೇಶನದ ಮಧ್ಯೆ ರಜಾ ಬಿಡೋದೇ ಈ ಕಮಿಟಿಗಳು ಇಲಾಖೆಗಳ ಬೇಡಿಕೆನ ಕೂತು ನೋಡ್ಲಿ ಅಂತ. ರಿಪೋರ್ಟ್ ಕೂಡ ಚೆನ್ನಾಗಿ ಬರೀತಾರೆ. ತಮಾಷೆ ಇರೋದು ಆಮೇಲೆ. ಶಿಫಾರಸನ್ನ ಒಪ್ಪಲೇಬೇಕು ಅಂತ ಸರ್ಕಾರಕ್ಕೆ ಏನೂ ಕಟ್ಟುಪಾಡಿಲ್ಲ, ಮೂರು ತಿಂಗಳಲ್ಲಿ ಏನು ಮಾಡಿದ್ವಿ ಅಂತ ಉತ್ತರ ಕೊಡ್ಬೇಕು ಅಷ್ಟೇ. ಆ ಉತ್ತರದ ಮೇಲೆ ಕಮಿಟಿ ಮತ್ತೊಂದು ರಿಪೋರ್ಟ್ ಕೊಡುತ್ತೆ, ಅದರಲ್ಲಿ ಸರ್ಕಾರ ಒಪ್ಪಿದ್ದು ಒಂದು ಅಧ್ಯಾಯ, ಕಮಿಟಿನೇ ಹೋಗ್ಲಿ ಬಿಡಿ ಅಂದಿದ್ದು ಒಂದು ಅಧ್ಯಾಯ, ಕಮಿಟಿಗೆ ಉತ್ತರ ಸಮಾಧಾನ ಆಗದೇ ಇದ್ದಿದ್ದು ಒಂದು, ಉತ್ತರ ಬಾಕಿ ಇರೋದು ಒಂದು. ನಾನು ನೇರ ಕೊನೆಯ ಎರಡಕ್ಕೆ ಹೋಗ್ತೀನಿ, ವಿಷಯ ಇರೋದೇ ಅಲ್ಲಿ. ಅದನ್ನ ಸದನದಲ್ಲಿ ಎತ್ತಿದ ಎಂಪಿ ನಂಗಿನ್ನೂ ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದು ಗುಟ್ಟು ಹೇಳ್ತೀನಿ. ಸಭೆ ಬಾಗಿಲು ಹಾಕ್ಕೊಂಡು ನಡೆದ್ರೂ ರಿಪೋರ್ಟಿನ ಕೊನೇಲಿ ಮಿನಿಟ್ಸ್, ಅಂದ್ರೆ ಸಭೆಯ ನಡಾವಳಿ ಹಾಕಿರ್ತಾರೆ, ಅದರಲ್ಲಿ ಆವತ್ತು ಬಂದಿದ್ದೋರ ಹೆಸರು ಇರುತ್ತೆ. ನಾವು ಓದ್ತೀವಿ ಅಂತ ನಿಮಗೆ ಗೊತ್ತಿರ್ಲಿಲ್ಲ ಅನ್ಸುತ್ತೆ.

ಇನ್ನು ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿ ವಿಷಯ. ರೈಲ್ವೆ ನೂರು ರೂಪಾಯಿ ದುಡಿಯೋಕೆ ಎಷ್ಟು ಖರ್ಚು ಮಾಡುತ್ತೆ ಅನ್ನೋದಕ್ಕೆ ಆಪರೇಟಿಂಗ್ ರೇಷಿಯೋ ಅಂತಾರೆ. 2017-18ರಲ್ಲಿ 98.44 ಅಂತ ತೋರಿಸಿದ್ರು, ಅಂದ್ರೆ ಒಂದೂವರೆ ರೂಪಾಯಿ ಉಳೀತು ಅಂತ. ಸಿಎಜಿ ನೋಡಿದ್ರೆ, ಸರ್ಕಾರಿ ವಿದ್ಯುತ್ ಕಂಪನಿ ಎನ್‌ಟಿಪಿಸಿಯಿಂದ ಮುಂದೆ ಸಾಗಿಸೋ ಸರಕಿನ ಬಾಡಿಗೆ ಈಗ್ಲೇ ಅಡ್ವಾನ್ಸ್ ಇಸ್ಕೊಂಡಿದ್ದಾರೆ, ರೈಲ್ವೆಯದ್ದೇ ನಿರ್ಮಾಣ ಕಂಪನಿ ಇರ್ಕಾನಿಂದನೂ ಇಸ್ಕೊಂಡಿದ್ದಾರೆ, ಅದನ್ನ ಬಿಟ್ರೆ 102.66. ಮುಂದಿನ ವರ್ಷದ ಗದ್ದೆ ಗುತ್ತಿಗೆ ದುಡ್ಡು ಈಗ್ಲೇ ತಗೊಂಡು ಈ ವರ್ಷ ಬೆಳೆ ಚೆನ್ನಾಗಿದೆ ಅಂದಂಗೆ. 2021-22ರಲ್ಲಿ ಅಧಿಕೃತವಾಗೇ 107.39ಕ್ಕೆ ಹೋಯ್ತು. ಇನ್ನೊಂದು, ರೈಲ್ವೆ ಸುರಕ್ಷತೆಗೆ ಅಂತ 2017ರಲ್ಲಿ ಐದು ವರ್ಷಕ್ಕೆ ಒಂದು ಲಕ್ಷ ಕೋಟಿಯ ನಿಧಿ ಮಾಡಿದ್ರು. 2022ರ ಡಿಸೆಂಬರಲ್ಲಿ ಮಂಡನೆಯಾದ ಸಿಎಜಿ ರಿಪೋರ್ಟಲ್ಲಿ ಆ ನಿಧಿಯಿಂದ ಪೀಠೋಪಕರಣ, ಪಿಂಗಾಣಿ ಪಾತ್ರೆ, ಚಳಿ ಜಾಕೆಟ್, ಕಾಲು ಒತ್ತೋ ಮಸಾಜರ್ ಎಲ್ಲಾ ಕೊಂಡಿದ್ದು ಹೊರಗೆ ಬಂತು, ರೈಲ್ವೆ ತನ್ನ ಪಾಲಿನ ದುಡ್ಡನ್ನೂ ಪೂರ್ತಿ ಹಾಕಿರ್ಲಿಲ್ಲ. ನಂಗೆ ಆ ರಿಪೋರ್ಟ್ ಇರೋದು ಗೊತ್ತಾಗಿದ್ದು ಆರು ತಿಂಗಳ ಮೇಲೆ, 2023ರ ಜೂನ್ 2ಕ್ಕೆ ಒಡಿಶಾದ ಬಾಲಸೋರಲ್ಲಿ ರೈಲು ಅಪಘಾತವಾಗಿ 290ಕ್ಕಿಂತ ಜಾಸ್ತಿ ಜನ ಸತ್ತ ಮೇಲೆ, ಪೇಪರಿನೋರು ಹುಡುಕಿ ತೆಗೆದಾಗ. ಬಾಲಸೋರಿಗೆ ಕಾರಣ ಸಿಗ್ನಲ್ ಕೆಲಸದಲ್ಲಾದ ತಪ್ಪು, ಮಸಾಜರ್ ಅಲ್ಲ, ಎರಡನ್ನೂ ಒಂದಕ್ಕೊಂದು ಗಂಟು ಹಾಕ್ಬಾರ್ದು. ಆದ್ರೆ ಆ ಆರು ತಿಂಗಳು ರಿಪೋರ್ಟ್ ನಿಮ್ಮ ಮೇಜಿನ ಮೇಲೇ ಇತ್ತಲ್ವಾ?

ರಸ್ತೆ ಕಡೆ ಡೆಲ್ಲಿ–ಗುರುಗ್ರಾಮದ ದ್ವಾರಕಾ ಎಕ್ಸ್‌ಪ್ರೆಸ್‌ವೇ ಗೊತ್ತೇ ಇದೆ. ಕ್ಯಾಬಿನೆಟ್ ಸಮಿತಿ ಒಪ್ಪಿದ್ದು ಕಿಲೋಮೀಟರಿಗೆ 18.20 ಕೋಟಿ, ಆಗಿದ್ದು 250.77 ಕೋಟಿ ಅಂತ 2023ರಲ್ಲಿ ಸಿಎಜಿ ಹೇಳ್ತು. ಇಲಾಖೆಯೋರು ಅದು ಇಡೀ ಭಾರತಮಾಲಾ ಹೆದ್ದಾರಿ ಯೋಜನೆಯ ಸರಾಸರಿ ದರ, ಇದು ಎತ್ತರಿಸಿದ ಎಂಟು ಪಥದ ರಸ್ತೆ, ಹೋಲಿಕೆನೇ ತಪ್ಪು ಅಂದ್ರು. ಅವರ ಮಾತಲ್ಲೂ ಅರ್ಥ ಇರ್ಬಹುದು. ಇದನ್ನ ಇಬ್ಬರನ್ನೂ ಎದುರಾಬದುರು ಕೂರಿಸಿ ತೀರ್ಮಾನ ಮಾಡೋ ಜಾಗ ಪಿಎಸಿ, ಪಬ್ಲಿಕ್ ಅಕೌಂಟ್ಸ್ ಕಮಿಟಿ. ನಮಗೆ ಸಿಕ್ಕಿದ್ದೇನು? ಒಂದು ವಾರ ಟಿವಿ ಡಿಬೇಟು.

ಸುರತ್ಕಲ್ ಟೋಲ್ ಗೇಟ್ ಕತೆ ಅಂತೂ ಕರಾವಳಿ ಎಂಪಿಗಳಿಗೆ ನಾನು ಹೇಳ್ಬೇಕಾಗಿಲ್ಲ. 2022ರ ಮಾರ್ಚಲ್ಲಿ ಗಡ್ಕರಿಯವರು ಲೋಕಸಭೆಯಲ್ಲೇ ನಿಂತು 60 ಕಿಲೋಮೀಟರ್ ಒಳಗೆ ಎರಡು ಟೋಲ್ ಇದ್ರೆ ಒಂದನ್ನ ಮೂರು ತಿಂಗಳಲ್ಲಿ ಮುಚ್ಚಿಸ್ತೀವಿ ಅಂದ್ರು. ಸುರತ್ಕಲ್ಲಿಂದ ಇನ್ನೊಂದು ಟೋಲ್ ಇರೋ ಹೆಜಮಾಡಿ ಎಷ್ಟು ದೂರ ಅಂತ ಬಸ್ಸಲ್ಲಿ ಕಾಲೇಜಿಗೆ ಹೋಗೋ ಹುಡುಗ್ರಿಗೂ ಗೊತ್ತು. ಮೂರು ತಿಂಗಳಾಯ್ತು, ಆರಾಯ್ತು. ಕೊನೆಗೆ ಜನ ಹಗಲು ರಾತ್ರಿ ಧರಣಿ ಕೂತು, ಕೇಸ್ ಹಾಕಿಸ್ಕೊಂಡು, ಡಿಸೆಂಬರ್ 1ಕ್ಕೆ ವಸೂಲಿ ನಿಂತಿದ್ದು. ಸದನದಲ್ಲಿ ಮಂತ್ರಿ ಕೊಟ್ಟ ಮಾತು ನಡೀತೋ ಇಲ್ವೋ ಅಂತ ಬೆನ್ನು ಹತ್ತೋಕೆ ಅಂತ್ಲೇ ಭರವಸೆಗಳ ಸಮಿತಿ ಒಂದಿದೆ, ಎಂಪಿಗಳೇ ಅದರ ಸದಸ್ಯರು. ಧರಣಿ ಟೆಂಟಿಗೆ ಬಂದು ಕೈ ಬೀಸಿ ಹೋಗೋ ಬದ್ಲು ಆ ಸಮಿತಿಗೆ ಒಂದು ಪತ್ರ ಬರೆದಿದ್ರೆ ಹೆಂಗಿರ್ತಿತ್ತು ಅಂತ ಯೋಚ್ನೆ ಮಾಡ್ತಿರ್ತೀನಿ.

ನಮ್ಮವರು ಮಂತ್ರಿ ಆಗಿಲ್ಲ ಅದಕ್ಕೆ ಹಿಂಗೆ ಅಂತ ಮಾತ್ರ ಹೇಳ್ಬೇಡಿ. ದಾಸಪ್ಪನವರು, ಟಿ.ಎ. ಪೈ, ಜಾಫರ್ ಷರೀಫ್, ಖರ್ಗೆ, ಸದಾನಂದಗೌಡರು ರೈಲ್ವೆ ಮಂತ್ರಿ ಆಗಿದ್ರು, ಮುನಿಯಪ್ಪ, ಸುರೇಶ ಅಂಗಡಿಯವರು ರಾಜ್ಯ ಸಚಿವರು, ಈಗ ಸೋಮಣ್ಣನವರು. ಖರ್ಗೆಯವರಂತೂ ಆ ಮಂತ್ರಿ ಕುರ್ಚಿನೂ ನೋಡಿದ್ದಾರೆ, 2017ರಿಂದ 2019ರವರೆಗೆ ಪಿಎಸಿ ಅಧ್ಯಕ್ಷರ ಕುರ್ಚಿನೂ ನೋಡಿದ್ದಾರೆ. ಕೊಡೋ ಜಾಗದಲ್ಲಿ ನಮ್ಮವರು ಬೇಕಾದಷ್ಟು ಜನ ಕೂತಿದ್ರು. ಕೇಳೋ ಜಾಗ ಖಾಲಿ ಬಿದ್ದಿದೆ.

ಒಬ್ಬರೂ ಕೇಳಿಲ್ಲ ಅಂತ ನಾನು ಅನ್ನಲ್ಲ, ಕೆಲವರು ಒಳ್ಳೊಳ್ಳೆ ಪ್ರಶ್ನೆ ಹಾಕಿದ್ದಾರೆ, ಅವರು ಬೇಜಾರ್ ಮಾಡ್ಕೋಬಾರ್ದು. ಆದ್ರೆ ಅದನ್ನ ನೀವು ಫೇಸ್‌ಬುಕ್ಕಲ್ಲಿ ಹಾಕಲ್ಲ, ಹಸಿರು ಬಾವುಟದ ಫೋಟೋ ಹಾಕ್ತೀರಿ. ನಮಗೂ ಅದಕ್ಕೇ ಲೈಕ್ ಒತ್ತಿ ಅಭ್ಯಾಸ, ಹಂಗಾಗಿ ನಮ್ಮದೂ ಪಾಲಿದೆ ಅನ್ನಿ.

ಬರೆಯೋಕೆ ಟೈಮ್ ಇಲ್ಲ ಅಂದ್ರೆ ಪ್ರಶ್ನೆನ ನಾನೇ ಬರ್ದು ಕೊಡ್ತೀನಿ, ನೀವು ಸಹಿ ಹಾಕಿದ್ರೆ ಸಾಕು. ರೈಲ್ವೆ ಸಚಿವರು ದಯವಿಟ್ಟು ತಿಳಿಸುವರೇ: (ಎ) ಕರ್ನಾಟಕದಲ್ಲಿ ಲೆವೆಲ್ ಕ್ರಾಸಿಂಗ್ ಬದಲಿಗೆ ಕಟ್ಟಿರುವ ಅಂಡರ್‌ಪಾಸ್‌ಗಳಲ್ಲಿ ಮಳೆಗಾಲದಲ್ಲಿ ನೀರು ನಿಂತು ಸಂಚಾರ ನಿಲ್ಲುವಂಥವು ಎಷ್ಟು, ಜಿಲ್ಲಾವಾರು, (ಬಿ) ಅವುಗಳಲ್ಲಿ ನೀರೆತ್ತುವ ಪಂಪ್ ಎಷ್ಟಕ್ಕಿದೆ, ಅದರಲ್ಲಿ ಓಡುತ್ತಿರುವುದು ಎಷ್ಟು, (ಸಿ) ಪಂಪಿನ ಡೀಸೆಲ್, ರಿಪೇರಿ ಖರ್ಚು ರೈಲ್ವೆಯದ್ದೋ, ಪಂಚಾಯಿತಿಯದ್ದೋ, (ಡಿ) ಕಳೆದ ಐದು ವರ್ಷದಲ್ಲಿ ಇದಕ್ಕೆ ಇಟ್ಟ ಹಣ ಎಷ್ಟು, ಖರ್ಚಾಗಿದ್ದು ಎಷ್ಟು? ನಾಲ್ಕಕ್ಕೂ ಬೇರೆ ಬೇರೆ ಉತ್ತರ ಬೇಕು ಅಂತ ಒತ್ತಾಯ ಮಾಡಿ, ಮತ್ತೆ ಒಂಬತ್ತು ಪಟ್ಟು ಅಂತ ಬಂದ್ರೆ ಬಿಡ್ಬೇಡಿ. ಸ್ಟಾರ್ ಹಾಕಿ, ಅಂದ್ರೆ ಮಂತ್ರಿ ಸದನದಲ್ಲೇ ಬಾಯಲ್ಲಿ ಉತ್ತರ ಕೊಡ್ಲಿ ಅಂತ ಕೇಳಿದ್ರೆ ಎದ್ದು ನಿಂತು ಉಪಪ್ರಶ್ನೆನೂ ಕೇಳ್ಬಹುದಲ್ಲ.

ಮಳೆಗಾಲದ ಅಧಿವೇಶನ ಜುಲೈಲಿ ಶುರುವಾಗುತ್ತೆ. ಪ್ರಶ್ನೆಗೆ 15 ದಿನ ಮೊದ್ಲೇ ನೋಟಿಸ್ ಕೊಡ್ಬೇಕಂತೆ. ಅಷ್ಟೊತ್ತಿಗೆ ನಮ್ಮ ಅಂಡರ್‌ಪಾಸ್ ಗೋಡೆ ಮೇಲೆ ಈ ವರ್ಷದ ಗೆರೆನೂ ಬಿದ್ದಿರುತ್ತೆ, ಫೋಟೋ ತೆಗ್ದು ಕಳಿಸ್ತೀನಿ.

ಇಂತಿ,
ಮಿನಿಟ್ಸಲ್ಲಿ ನಿಮ್ಮ ಹೆಸರು ಹುಡುಕೋ ಒಬ್ಬ ಮತದಾರ